ಸಲೀಂ ಅಲಿ: ಹಕ್ಕಿಗಳ ಲೆಕ್ಕ, ಹಣದ ಲೆಕ್ಕ

1931ರಲ್ಲಿ ಹೈದರಾಬಾದು ಸಂಸ್ಥಾನದ ಸರಕಾರವು ಒಂದು ಅಪರೂಪದ ಏರ್ಪಾಟಿಗೆ ಒಪ್ಪಿತು. ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಯಬೇಕು, ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ ಒಬ್ಬ ತಜ್ಞರು ನಡೆಸಿಕೊಡುವರು, ಅವರಿಗೆ ಸಂಬಳವಿಲ್ಲ. ಸರಕಾರವು ಭರಿಸಬೇಕಾದುದು ಬಿಡಾರ, ಆಳುಕಾಳು, ಪ್ರಯಾಣಗಳ ವೆಚ್ಚವನ್ನು ಮಾತ್ರ. ಸೊಸೈಟಿಯು 1883ರಲ್ಲಿ ಸ್ಥಾಪನೆಯಾದ ಖಾಸಗಿ ಸಂಸ್ಥೆ. ಸದಸ್ಯರ ಚಂದಾ ಹಣವೇ ಅದರ ಮುಖ್ಯ ಆಧಾರ. ಸಂಬಳ ಬೇಡವೆಂದ ಆ ತಜ್ಞರಿಗೆ ಆಗ ಮೂವತ್ತೈದರ ಆಸುಪಾಸಿನ ವಯಸ್ಸು. ಕೈಯಲ್ಲಿ ಉದ್ಯೋಗವಿರಲಿಲ್ಲ, ಹೆಸರಿನ ಜೊತೆಗೆ ವಿಶ್ವವಿದ್ಯಾಲಯದ ಪದವಿಯೂ ಇರಲಿಲ್ಲ. ಅವರೇ ಸಲೀಂ ಅಲಿ.

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳು ಆಗ ಅದೇ ಸಂಸ್ಥಾನದೊಳಗಿನ ಊರುಗಳು. ಗದ್ವಾಲ, ಆಲಂಪುರಗಳಂತೂ 1956ರ ಭಾಷಾವಾರು ಪ್ರಾಂತರಚನೆಯವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದವು. ಗದ್ವಾಲದಿಂದ ಮೂಡಲಿಗೆ ಹೋದರೆ ಎದುರಾಗುವ ನಲ್ಲಮಲ ಕಾಡಿನಲ್ಲಿ, ಮನ್ನನೂರು ಮತ್ತು ಫರಹಾಬಾದಿನಲ್ಲಿ, ಸಲೀಂ ಅಲಿಯವರು ಆ ಸಮೀಕ್ಷೆಗಾಗಿ ಬೀಡುಬಿಟ್ಟಿದ್ದರು. ಪತ್ನಿ ತೆಹಮೀನಾ ಜೊತೆಗಿದ್ದರು. ಇಂದು ಆ ಎರಡೂ ಸ್ಥಳಗಳು ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಸಮೀಕ್ಷೆಯ ಫಲಿತಾಂಶವು ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ನಮ್ಮ ಸೀಮೆಯ ಹಕ್ಕಿಗಳ ಬಗ್ಗೆ ಇಂದು ಯಾರೇ ಬರೆಯಲಿ, ಆ ಪಟ್ಟಿಯಿಂದಲೇ ಆರಂಭಿಸಬೇಕಾಗುತ್ತದೆ.

ಸಲೀಂ ಅಲಿಯವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಒಂದು ವರ್ಷದವರಿದ್ದಾಗ ತಂದೆಯನ್ನು, ಮೂರು ವರ್ಷ ತುಂಬುವಾಗ ತಾಯಿಯನ್ನು ಕಳೆದುಕೊಂಡರು. ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಮತ್ತು ಹಮೀದಾ ಬೇಗಂ ದಂಪತಿ ಮಕ್ಕಳಿಲ್ಲದವರು. ಖೇತವಾಡಿಯ ಅವರ ಮನೆಯಲ್ಲಿ ಬಾಲಕ ಬೆಳೆದನು. ಆಟಿಕೆಯ ಗಾಳಿಬಂದೂಕಿನಿಂದ ಅವನು ಹೊಡೆದ ಒಂದು ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ತಿಳಿಯಲು ಸೋದರಮಾವನು ಅವನನ್ನು ಸೊಸೈಟಿಯ ಗೌರವ ಕಾರ್ಯದರ್ಶಿ ಮಿಲಾರ್ಡ್ ಅವರ ಬಳಿಗೆ ಕಳುಹಿಸಿದರು. ಮಿಲಾರ್ಡ್ ಹಕ್ಕಿಯನ್ನು ಗುರುತಿಸಿದರು. ಒಣಗಿಸಿಟ್ಟ ಹಕ್ಕಿಗಳ ಸಂಗ್ರಹವನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಈ ಗುಬ್ಬಿಯ ಕಥೆ ನಮ್ಮಲ್ಲಿ ಅನೇಕರಿಗೆ ಶಾಲೆಯ ದಿನಗಳಿಂದಲೇ ಗೊತ್ತು. ಆದರೆ ಆ ಬಾಲಕನು ಕದ ತಟ್ಟಿದ ಮನೆ ಸರಕಾರದ್ದಲ್ಲ, ಹವ್ಯಾಸಿಗಳು ತಮ್ಮ ಸ್ವಂತ ಖರ್ಚಿನಲ್ಲಿ ನಡೆಸುತ್ತಿದ್ದ ಸಂಘವೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮುಂದೆ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಅವರ ಬದುಕು ಆ ಸಂಘದೊಡನೆ ಬೆಸೆದುಕೊಂಡಿತು.

ಯೌವನದ ವರ್ಷಗಳನ್ನು ಬೇಗನೆ ದಾಟಬಹುದು. ಕಾಲೇಜಿನ ಓದು ಕೈಹತ್ತಲಿಲ್ಲ. ಬರ್ಮಾದ ತಾವೊಯ್‌ಗೆ ಹೋಗಿ ಮನೆತನದ ಗಣಿ ಹಾಗೂ ಮರದ ವ್ಯವಹಾರ ನೋಡಿಕೊಂಡರು. ಅಲ್ಲಿಯೂ ಕಾಡು ಅಲೆದದ್ದೇ ಹೆಚ್ಚು. 1918ರಲ್ಲಿ ತೆಹಮೀನಾ ಅವರನ್ನು ಮದುವೆಯಾದರು. ವ್ಯಾಪಾರ ಕುಸಿದ ಮೇಲೆ ಮುಂಬಯಿಗೆ ಮರಳಿ, 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಪ್ರೇಕ್ಷಕರಿಗೆ ವಿವರಿಸುವ ಉಪನ್ಯಾಸಕರಾದರು. ಆ ಕೆಲಸದಿಂದ ರಜೆ ಪಡೆದು ಬರ್ಲಿನ್‌ಗೆ ಹೋಗಿ, ಎರ್ವಿನ್ ಷ್ಟ್ರೆಸೆಮಾನ್ ಎಂಬ ಮಹಾವಿದ್ವಾಂಸರ ಬಳಿ ಪಕ್ಷಿಶಾಸ್ತ್ರವನ್ನು ಕ್ರಮವಾಗಿ ಕಲಿತರು. 1930ರಲ್ಲಿ ಹಿಂತಿರುಗುವಷ್ಟರಲ್ಲಿ ಹಣದ ಕೊರತೆಯಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಮುಂಬಯಿಯಲ್ಲಿ ಸಂಸಾರ ಸಾಗಿಸುವುದು ಕಷ್ಟವಾಗಿ ದಂಪತಿ ಕಡಲತೀರದ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ನೇಯ್ಗೆಗೆ ಹೆಸರಾದ ನಾರಾಯಣಪೇಟೆ, ಗದ್ವಾಲಗಳ ನಾವು ಈ ಹಕ್ಕಿಯ ವಿಷಯದಲ್ಲಿ ಸ್ವಲ್ಪ ಹೆಚ್ಚಿನ ಆಸಕ್ತಿ ತೋರಿದರೆ ತಪ್ಪಿಲ್ಲ. ಗಂಡು ಗೀಜಗವು ಗೂಡನ್ನು ಅರ್ಧಕ್ಕೆ ನೇಯ್ದು ನಿಲ್ಲಿಸುತ್ತದೆ; ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ; ಒಂದು ಒಪ್ಪಿಕೊಂಡರೆ ಆ ಗೂಡು ಪೂರ್ಣಗೊಳ್ಳುತ್ತದೆ; ಬಳಿಕ ಗಂಡು ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣಿಗಾಗಿ ಕಾಯುತ್ತದೆ. ಕೆಲಸ ಕಳೆದುಕೊಂಡ ಮನುಷ್ಯನೊಬ್ಬನು ಮಳೆಗಾಲವಿಡೀ ಮರದೆದುರು ಕುಳಿತು ಕಂಡುಕೊಂಡ ಸಂಗತಿಯಿದು. ಈ ಲೇಖನವೇ ಅವರಿಗೆ ವಿದ್ವತ್‌ಲೋಕದ ಮನ್ನಣೆ ತಂದಿತು.

ಸಂಬಳವಿಲ್ಲದೆ ದುಡಿಯುವ ಪ್ರಸ್ತಾವ ಹುಟ್ಟಿದ್ದು ಇಂಥ ಹೊತ್ತಿನಲ್ಲಿ. ಬ್ರಿಟಿಷ್ ಇಂಡಿಯಾದ ಬಹುಭಾಗದ ಹಕ್ಕಿಗಳ ಬಗ್ಗೆ ಅಷ್ಟಿಷ್ಟು ದಾಖಲೆಯಿತ್ತು. ದೇಶೀಯ ಸಂಸ್ಥಾನಗಳ ಬಗ್ಗೆ ಇದ್ದದ್ದು ಅತ್ಯಲ್ಪ. ರಾಜರಿಗೆ ಬೇಟೆಯ ಕಾಡುಗಳಿದ್ದವು, ಹಣವಿತ್ತು, ತಜ್ಞರಿರಲಿಲ್ಲ. ಸೊಸೈಟಿಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಈ ಎರಡರ ನಡುವೆ ಸಲೀಂ ಅಲಿಯವರು ತಮ್ಮ ದುಡಿಮೆಯನ್ನು ಇಟ್ಟರು. ಹೈದರಾಬಾದಿನ ಬಳಿಕ ತಿರುವಾಂಕೂರು, ಕೊಚ್ಚಿ, ಮಧ್ಯಭಾರತದ ಸಂಸ್ಥಾನಗಳು, ಬಹಾವಲ್ಪುರ, ಮೈಸೂರು ಹೀಗೆ ಒಂದೊಂದಾಗಿ ಸಮೀಕ್ಷೆಗಳು ನಡೆದವು. ಕಛ್‌ನ ಮಹಾರಾವ್ ಆಶ್ರಯ ನೀಡಿದ್ದರಿಂದ ಆ ನಾಡಿನ ಹಕ್ಕಿಗಳ ಗ್ರಂಥ 1945ರಲ್ಲಿ ಹೊರಬಂದಿತು. ಇದನ್ನು ರಾಜಾಶ್ರಯವೆಂದು ಕರೆದು ಮುಂದೆ ಸಾಗುವುದು ನಮಗೆ, ಸಾಹಿತ್ಯದ ವಿದ್ಯಾರ್ಥಿಗಳಿಗೆ, ಸುಲಭ. ಆದರೆ ಆಸ್ಥಾನಕವಿಗೂ ಇವರಿಗೂ ವ್ಯತ್ಯಾಸವಿದೆ: ಇವರು ಪಡೆದದ್ದು ಸಂಭಾವನೆಯಲ್ಲ, ಕೆಲಸದ ಖರ್ಚು, ಕೊಟ್ಟದ್ದು ಸ್ತುತಿಯಲ್ಲ, ಪಟ್ಟಿ.

ಮೈಸೂರಿನ ಪಾಲಿಗೆ ಆ ಪಟ್ಟಿಗಿಂತ ಮಿಗಿಲಾದುದೊಂದು ದೊರೆಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಹಿಂದಿನ ಒಡೆಯರು ಕಟ್ಟಿಸಿದ ಅಣೆಯಿಂದಾಗಿ ನದಿಯೊಳಗೆ ಪುಟ್ಟ ನಡುಗಡ್ಡೆಗಳು ಮೂಡಿದ್ದವು. ಅಲ್ಲಿ ಬೆಳ್ಳಕ್ಕಿ, ಕೊಕ್ಕರೆಗಳು ಗೂಡುಕಟ್ಟುತ್ತಿದ್ದವು. ಸಮೀಕ್ಷೆಯ ಕಾಲದಲ್ಲಿ ಅದನ್ನು ಕಂಡ ಸಲೀಂ ಅಲಿಯವರು ರಕ್ಷಣೆ ನೀಡುವಂತೆ ಮೈಸೂರಿನ ದೊರೆಗಳ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಂದು ಚದರ ಕಿಲೋಮೀಟರೂ ಇಲ್ಲದ ಜಾಗವದು. ಆ ಮೊದಲೇ, 1939ರಲ್ಲಿ, ಶಸ್ತ್ರಚಿಕಿತ್ಸೆಯೊಂದರ ಬಳಿಕ ತೆಹಮೀನಾ ತೀರಿಕೊಂಡಿದ್ದರು. ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ. ಅಕ್ಕನ ಮನೆಯಲ್ಲಿ ನೆಲೆಸಿದರು. ಭಾರತದ ಹಕ್ಕಿಗಳನ್ನು ಕುರಿತ ಅವರ ಸುಪ್ರಸಿದ್ಧ ಕೈಪಿಡಿ 1941ರಲ್ಲಿ ಪ್ರಕಟವಾಯಿತು.

ಸ್ವಾತಂತ್ರ್ಯದೊಡನೆ ಸಂಸ್ಥಾನಗಳು ಹೋದವು. ಸೊಸೈಟಿಯ ಬ್ರಿಟಿಷ್ ಸದಸ್ಯರು ಊರಿಗೆ ಮರಳಿದರು; ಚಂದಾ ಇಳಿಯಿತು. ಆಗ ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರಿಗೆ ನೇರವಾಗಿ ಪತ್ರ ಬರೆದು ಸಂಸ್ಥೆಗೆ ಧನಸಹಾಯ ಕೋರಿದರು, ಸಂಸ್ಥೆ ಉಳಿಯಿತು. ಸಿಂಗಪುರದ ಚಿತ್ರೋದ್ಯಮಿ ಲೋಕೆ ವಾನ್ ಥೋ ಅವರು ಯುದ್ಧಕಾಲದಲ್ಲಿ ಭಾರತಕ್ಕೆ ಬಂದಾಗ ಆದ ಸ್ನೇಹದಿಂದ, ಹಲವು ಯಾತ್ರೆಗಳಿಗೆ ತಮ್ಮ ಹಣ ಕೊಟ್ಟರು, ತಮ್ಮ ಕ್ಯಾಮೆರಾ ಹೊತ್ತು ತಾವೂ ಜೊತೆಗೆ ನಡೆದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ವೈರಾಣುವಿಗೆ ರಷ್ಯಾದ ವೈರಾಣುವೊಂದರ ಹೋಲಿಕೆಯಿತ್ತು. ವಲಸೆ ಹಕ್ಕಿಗಳ ಮೈಯ ಉಣ್ಣೆಗಳು ಅದನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಈ ಪ್ರಶ್ನೆಯನ್ನು ಹಿಡಿದು ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಆರಂಭಿಸಿದರು. ಮಲೆನಾಡಿನ ರೋಗವೊಂದು ಭಾರತದ ಹಕ್ಕಿವಲಸೆಯ ಅಧ್ಯಯನಕ್ಕೆ ಹಣ ತಂದಿತೆಂಬುದು ವಿಚಿತ್ರ, ಆದರೆ ನಿಜ. ಮುಂದೆ ಇದೇ ಕೆಲಸಕ್ಕೆ ಅಮೆರಿಕದ ಸೇನೆಯ ವೈದ್ಯಕೀಯ ಸಂಶೋಧನೆಯ ಹಣವೂ ಸೇರಿದಾಗ, ಎಪ್ಪತ್ತರ ದಶಕದಲ್ಲಿ ಜೈವಿಕ ಯುದ್ಧದ ಅನುಮಾನಗಳೆದ್ದು ದೊಡ್ಡ ವಿವಾದವಾಯಿತು. ಸಲೀಂ ಅಲಿಯವರಿಗೆ ಅದು ನೋವಿನ ಕಾಲ. ಹೊರಗಿನಿಂದ ಹಣ ತರುವವನು ಹಣದ ಹಿಂದಿರುವವರ ಉದ್ದೇಶಕ್ಕೂ ಉತ್ತರ ಹೇಳಬೇಕಾಗುತ್ತದೆ. ಅವರು ಅದನ್ನು ಮೊದಲೇ ತೂಗಿ ನೋಡಬೇಕಿತ್ತು ಎಂದೇ ನನ್ನ ಅನಿಸಿಕೆ.

ರಾಜಸ್ಥಾನದ ಭರತಪುರದ ಕಥೆಯಲ್ಲಿ ಅವರ ಸಾಧನೆಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಅದು ರಾಜರು ಬಾತುಬೇಟೆಗೆಂದು ನೀರು ನಿಲ್ಲಿಸಿ ಕಾಪಾಡಿದ ಜೌಗುಭೂಮಿ. 29 ಚದರ ಕಿಲೋಮೀಟರ್ ವಿಸ್ತಾರ. 1938ರ ನವೆಂಬರ್‌ನ ಒಂದೇ ದಿನ ವೈಸರಾಯ್ ಲಿನ್‌ಲಿತ್‌ಗೊ ಅವರ ತಂಡ ಅಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಸ್ವಾತಂತ್ರ್ಯಾನಂತರ ಆ ನೆಲವನ್ನು ಬೇಸಾಯಕ್ಕೆ ಬಿಡಿಸಬೇಕೆಂಬ ಬೇಡಿಕೆ ಎದ್ದಾಗ ಸಲೀಂ ಅಲಿಯವರು ನೆಹರೂ ಅವರವರೆಗೂ ಹೋಗಿ ಅದನ್ನು ಉಳಿಸಿದರು. 1956ರಲ್ಲಿ ಪಕ್ಷಿಧಾಮವಾದ ಅದು 1982ರಲ್ಲಿ ಕೇವಲಾದೇವ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನವಾದ ಬಳಿಕ ಎಮ್ಮೆ ದನಗಳ ಮೇವಿಗೆ ನಿಷೇಧ ಬಂದಿತು. ದನಗಳನ್ನು ಹೊರಗಿಡಬೇಕೆಂಬುದು ಅಂದಿನ ತಜ್ಞರ ಮತ. ಸಲೀಂ ಅಲಿಯವರದೂ ಅದೇ ಮತವಾಗಿತ್ತು. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು, ಪೋಲೀಸರು ಗುಂಡು ಹಾರಿಸಿದರು, ಹಲವರು ಸತ್ತರು.

ಅದೇ ಹೊತ್ತಿಗೆ ಸೊಸೈಟಿಯು ಅಲ್ಲಿ ಹತ್ತು ವರ್ಷಗಳ ಅಧ್ಯಯನವೊಂದನ್ನು ನಡೆಸುತ್ತಿತ್ತು. ಹಣ ಬಂದದ್ದು ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯಿಂದ, ಜಾಗ ಸರಕಾರದ್ದು, ದುಡಿದವರು ಸೊಸೈಟಿಯ ಸಂಶೋಧಕರು. ಎಮ್ಮೆಗಳು ಹೋದ ಮೇಲೆ ನೀರಿನಲ್ಲಿ ಹುಲ್ಲು ದಟ್ಟವಾಗಿ ಹಬ್ಬಿತು, ತೆರೆದ ನೀರು ಕಡಿಮೆಯಾಯಿತು, ಅನೇಕ ಜಾತಿಯ ನೀರಹಕ್ಕಿಗಳ ಸಂಖ್ಯೆ ಇಳಿಯಿತು ಎಂದು ಆ ಅಧ್ಯಯನವೇ ತೋರಿಸಿತು. ಮೇಯುತ್ತಿದ್ದ ಎಮ್ಮೆ ಉದ್ಯಾನಕ್ಕೆ ಪುಕ್ಕಟೆಯಾಗಿ ಕಳೆ ತೆಗೆಯುತ್ತಿತ್ತು. ರಾಜ, ಪ್ರಧಾನಿ, ಉದ್ಯಮಿ, ವಿದೇಶಿ ಸಂಸ್ಥೆ ಎಲ್ಲರನ್ನೂ ಪಾಲುದಾರರನ್ನಾಗಿ ಮಾಡಿಕೊಂಡ ಈ ಜಾಣ ಮನುಷ್ಯರ ಲೆಕ್ಕದ ಪುಸ್ತಕದಲ್ಲಿ ಎಮ್ಮೆ ಕಾಯುವವನ ಹೆಸರು ಮಾತ್ರ ಬಿಟ್ಟುಹೋಗಿತ್ತು. ತಮ್ಮದೇ ಸಂಸ್ಥೆಯು ತಮ್ಮದೇ ಅಭಿಪ್ರಾಯಕ್ಕೆ ವಿರುದ್ಧವಾದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿತೆಂಬುದನ್ನೂ ಇಲ್ಲಿ ಹೇಳಬೇಕು. ಅಂಥ ಸಂಸ್ಥೆಯನ್ನು ಕಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು.

ಈ ಮಾತು ನಮಗೆ ದೂರದ್ದಲ್ಲ. ಮಕ್ತಲ್, ಕೃಷ್ಣಾ ಮಂಡಲಗಳ ಹೊಲಗಳಿಗೆ ಚಿಗರಿಯ ಹಿಂಡು ನುಗ್ಗಿದಾಗ ರೈತ ಏನನ್ನುತ್ತಾನೆಂಬುದು ನಿಮ್ಮಲ್ಲಿ ಅನೇಕರಿಗೆ ಮನೆಯ ಅನುಭವ. 2006ರಲ್ಲಿ ವನ್ಯಜೀವಿ ಕಾಯಿದೆಗೆ ತಂದ ತಿದ್ದುಪಡಿಯಂತೆ ಪ್ರತಿಯೊಂದು ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಪ್ರತಿಷ್ಠಾನವಿರಬೇಕು. ಪ್ರವೇಶ ಶುಲ್ಕವೂ ದಾನಿಗಳ ಹಣವೂ ಅದಕ್ಕೆ ಸೇರಬಹುದು, ಸುತ್ತಲಿನ ಜನರ ಜೀವನಾಧಾರಕ್ಕೂ ಅದು ನೆರವಾಗಬೇಕು. ಭರತಪುರದ ಕಾಲಕ್ಕೆ ಇಂಥ ಏರ್ಪಾಟಿರಲಿಲ್ಲ.

ಎಂಬತ್ತರ ದಶಕದಲ್ಲಿ ಸೊಸೈಟಿಯು ಅಳಿವಿನಂಚಿನ ಹಕ್ಕಿಗಳ ಯೋಜನೆಯೊಂದನ್ನು ಇದೇ ಬಗೆಯ ಹಣದಿಂದ ನಡೆಸಿತು. ಅದರ ಕೇಂದ್ರಗಳಲ್ಲೊಂದು ಕರ್ನೂಲು ಸೀಮೆಯ ರೋಳ್ಳಪಾಡು. ನಮ್ಮ ಆಲಂಪುರದಿಂದ ತುಂಗಭದ್ರೆ ದಾಟಿದರೆ ಬಹುದೂರವಲ್ಲ. ಅಲ್ಲಿನ ಹುಲ್ಲುಗಾವಲಿನಲ್ಲಿ ಎರೆಭೂತವಿತ್ತು. ತೆಲುಗಿನಲ್ಲಿ ಬಟ್ಟಮೇಕ ಎನ್ನುವ, ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಲ್ಲುವ ಈ ಹಕ್ಕಿಯನ್ನೇ ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂದು ಸಲೀಂ ಅಲಿಯವರು ವಾದಿಸಿದ್ದರು. 1963ರಲ್ಲಿ ಆ ಮನ್ನಣೆ ನವಿಲಿಗೆ ಹೋಯಿತು. ಅದೇ ಯೋಜನೆಯ ಸಂಶೋಧಕರು 1986ರ ಜನವರಿಯಲ್ಲಿ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಕಲಿವಿಕೋಡಿಯನ್ನು ಕಂಡರು. 1900ರಿಂದೀಚೆಗೆ ಯಾರ ಕಣ್ಣಿಗೂ ಬೀಳದೆ, ನಿರ್ನಾಮವಾಯಿತೆಂದೇ ಭಾವಿಸಿದ್ದ ಹಕ್ಕಿಯದು. ಸುದ್ದಿ ಬಂದಾಗ ಸಲೀಂ ಅಲಿಯವರಿಗೆ ತೊಂಬತ್ತನೆಯ ವರ್ಷ ನಡೆಯುತ್ತಿತ್ತು. ಹಿಂದಿನ ವರ್ಷವಷ್ಟೇ ಅವರು ರಾಜ್ಯಸಭೆಗೆ ನಾಮಕರಣಗೊಂಡಿದ್ದರು, ಆತ್ಮಕಥೆಯೂ ಪ್ರಕಟವಾಗಿತ್ತು.

ಪದ್ಮಭೂಷಣ, ಪದ್ಮವಿಭೂಷಣಗಳು 1958 ಮತ್ತು 1976ರಲ್ಲಿ ಬಂದಿದ್ದವು. ಗೆಟ್ಟಿ ವನ್ಯಜೀವಿ ಸಂರಕ್ಷಣಾ ಪ್ರಶಸ್ತಿಯ ಹಣವನ್ನು ಅವರು ಸೊಸೈಟಿಯಲ್ಲಿ ಪ್ರಕೃತಿ ಸಂರಕ್ಷಣಾ ನಿಧಿಯಾಗಿ ಇರಿಸಿದರು. 1987ರ ಜೂನ್ 20ರಂದು ಮುಂಬಯಿಯಲ್ಲಿ ತೀರಿಕೊಂಡರು. ಮರುವರ್ಷ ರೋಳ್ಳಪಾಡು ಅಭಯಾರಣ್ಯವಾಯಿತು. 1990ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ಮತ್ತು ಸೊಸೈಟಿ ಎರಡೂ ಸೇರಿ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿಶಾಸ್ತ್ರ ಕೇಂದ್ರವನ್ನು ಸ್ಥಾಪಿಸಿದವು. ಭರತಪುರದ ಅಧ್ಯಯನವನ್ನು ನಡೆಸಿದ ವಿಜ್ಞಾನಿ ವಿ. ಎಸ್. ವಿಜಯನ್ ಅವರೇ ಅದರ ಮೊದಲ ನಿರ್ದೇಶಕರಾದರು.