ಮೇಷ್ಟ್ರುಗಳಿಗೆ ಕುರ್ಚಿ ಹಾಕಿಸಿದ ಬಂಗಾಳದ ಹುಲಿ

ಸಂಜೆ ಬಸ್ಸಿಗೆ ಕಾಯೋ ಹೊತ್ತಿನಲ್ಲಿ ವಿಶ್ವವಿದ್ಯಾನಿಲಯದ ಸುದ್ದಿ ಬಂತೆಂದರೆ ಒಂದು ಪ್ರಶ್ನೆ ಎದ್ದೇ ಏಳುತ್ತೆ. ಅಲ್ಲಿ ಯಾರ ಮಾತು ನಡೀಬೇಕು? ಸರ್ಕಾರ ಕಳಿಸಿದವರದೋ, ಪಾಠ ಹೇಳೋ ಮೇಷ್ಟ್ರುಗಳದೋ? ದುಡ್ಡು ಕೊಡೋನು ಯಜಮಾನ, ಮೇಷ್ಟ್ರಿಗೆ ಆಡಳಿತದ ಉಸಾಬರಿ ಯಾಕ್ರೀ ಅನ್ನೋರೇ ನಮ್ಮಲ್ಲಿ ಹೆಚ್ಚು. ಅಂಗಡಿ ಇಟ್ಟವರಿಗಂತೂ ಅದು ನ್ಯಾಯವೆಂದೇ ಕಾಣುತ್ತೆ. ಬಂಡವಾಳ ಹಾಕಿದವನ ಮಾತು ನಡೀಬೇಕಲ್ಲ!

ಈ ವ್ಯಾಜ್ಯ ಇವತ್ತಿನದಲ್ಲ ಸ್ವಾಮಿ. ನೂರು ವರ್ಷದ ಹಿಂದೆ ಕಲ್ಕತ್ತಾದಲ್ಲಿ ಒಬ್ಬ ಹೈಕೋರ್ಟ್ ಜಡ್ಜಿ ಇದೇ ವಿಚಾರಕ್ಕೆ ಗವರ್ನರ್ ಸಾಹೇಬರ ಜೊತೆ ಜಗಳ ಕಾದು, ವೈಸ್ ಛಾನ್ಸಲರ್ ಗಾದಿಯನ್ನೇ ಬಿಟ್ಟು ನಡೆದರು. ಹೆಸರು ಸರ್ ಆಶುತೋಷ ಮುಖರ್ಜಿ. ದಪ್ಪ ಮೀಸೆಯ, ಭಾರಿ ಆಳು. ಜನ ಕರೆಯುತ್ತಿದ್ದುದು ಬಂಗಾಳದ ಹುಲಿ ಅಂತ.

ಕಲ್ಕತ್ತಾದ ಹುಲಿ ನಮಗ್ಯಾಕೆ ಅಂತ ಪುಟ ಮಗುಚಬೇಡಿ. 1916ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತಷ್ಟೆ, 1918ರಲ್ಲಿ ಅದರ ಮೊಟ್ಟಮೊದಲ ಘಟಿಕೋತ್ಸವಕ್ಕೆ ಭಾಷಣ ಮಾಡಲು ಕರೆಸಿದ್ದು ಇವರನ್ನೇ.

ಆಶುತೋಷರು ಹುಟ್ಟಿದ್ದು 1864ರ ಜೂನ್ 29ರಂದು, ಕಲ್ಕತ್ತಾದಲ್ಲಿ. ತಂದೆ ಡಾಕ್ಟರು. ಹುಡುಗನಿಗೆ ಲೆಕ್ಕದ ಹುಚ್ಚು. 1885ರಲ್ಲಿ ಗಣಿತದ ಎಂ.ಎ., ಮರುವರ್ಷವೇ ಭೌತಶಾಸ್ತ್ರದ ಎಂ.ಎ. ವಿದೇಶದ ಪತ್ರಿಕೆಗಳಲ್ಲಿ ಗಣಿತದ ಲೇಖನ ಅಚ್ಚಾದವು. ಆದರೆ ಕೂತು ಸಂಶೋಧನೆ ಮಾಡೋಣವೆಂದರೆ ಜಾಗವೆಲ್ಲಿ? ಆಗಿನ ಕಲ್ಕತ್ತಾ ವಿಶ್ವವಿದ್ಯಾನಿಲಯ ಅಂದರೆ ಪರೀಕ್ಷೆ ನಡೆಸಿ ಡಿಗ್ರಿ ಕೊಡೋ ಕಚೇರಿ, ಅಷ್ಟೆ. ಪಾಠವೆಲ್ಲ ಕಾಲೇಜುಗಳಲ್ಲಿ. ಬೇರೆ ದಾರಿ ಕಾಣದೆ ವಕೀಲಿಗೆ ಇಳಿದರು. 1904ರಲ್ಲಿ ಹೈಕೋರ್ಟ್ ಜಡ್ಜಿ ಆದರು. ತಮಗೆ ಸಿಗದ ಜಾಗವನ್ನು ಮುಂದಿನ ಹುಡುಗರಿಗೆ ಮಾಡಿಕೊಡಬೇಕೆಂಬ ಹಟ ಮಾತ್ರ ಒಳಗೇ ಉಳಿಯಿತು ಅಂತ ಕಾಣುತ್ತೆ. ಇಪ್ಪತ್ನಾಲ್ಕನೇ ವಯಸ್ಸಿಗೇ, ಅಂದರೆ 1889ರಲ್ಲೇ, ವಿಶ್ವವಿದ್ಯಾನಿಲಯದ ಸೆನೆಟ್ ಹೊಕ್ಕಿದ್ದರು. ಅಲ್ಲಿಂದಾಚೆಗೆ ಆ ಮನೆ ಬಿಡಲೇ ಇಲ್ಲ.

1904ರಲ್ಲೇ ವೈಸ್‌ರಾಯ್ ಕರ್ಜನ್ ಒಂದು ಕಾಯ್ದೆ ತಂದ. ಸೆನೆಟ್‌ನಲ್ಲಿ ಹೆಚ್ಚೆಂದರೆ 100 ಮಂದಿ. ಅದರಲ್ಲಿ ಚುನಾಯಿತರು 20, ಮಿಕ್ಕವರೆಲ್ಲ ಸರ್ಕಾರದ ಕಡೆಯಿಂದ ನೇಮಕ. ವಿದ್ಯೆಗೆ ಬೀಗ ಹಾಕೋ ಕಾಯ್ದೆ ಇದು ಅಂತ ದೇಶವೆಲ್ಲ ಕೂಗಾಡಿತು. ಕೂಗಿದ್ದು ತಪ್ಪೇನಲ್ಲ. ಆದರೆ ವಿಶ್ವವಿದ್ಯಾನಿಲಯ ತಾನೇ ಮೇಷ್ಟ್ರುಗಳನ್ನಿಟ್ಟು ಪಾಠ ಹೇಳಿಸಬಹುದು ಅಂತ ಅದೇ ಕಾಯ್ದೆಯ ಮೂಲೆಯಲ್ಲಿ ಒಂದು ಮಾತಿತ್ತು. ಲಾಯರ್ ಕಣ್ಣು ನೋಡಿ, ಆಶುತೋಷರು ಅದನ್ನೇ ಹಿಡಿದುಕೊಂಡರು. 1906ರಲ್ಲಿ ವೈಸ್ ಛಾನ್ಸಲರ್ ಆದರು. ಹಗಲು ಕೋರ್ಟು, ಮಿಕ್ಕ ಹೊತ್ತೆಲ್ಲ ವಿಶ್ವವಿದ್ಯಾನಿಲಯ.

ಸರ್ಕಾರ ದುಡ್ಡು ಬಿಚ್ಚದಿದ್ದಾಗ ವಕೀಲ ಮಿತ್ರರ ಮನೆಗೆ ಹೋದರು. ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷ್ ಅಂತ ಇಬ್ಬರು, ಲಕ್ಷ ಲಕ್ಷ ರೂಪಾಯಿ ಕೊಟ್ಟರು. ಆ ಕಾಲದ ಲಕ್ಷ! ಅವರು ಹಾಕಿದ ಷರತ್ತು, ತಮ್ಮ ದುಡ್ಡಿನಲ್ಲಿ ನೇಮಕವಾಗೋ ಪ್ರೊಫೆಸರುಗಳು ಭಾರತೀಯರೇ ಆಗಿರಬೇಕು ಅನ್ನೋದು. 1914ರಲ್ಲಿ ಸೈನ್ಸ್ ಕಾಲೇಜಿಗೆ ಅಡಿಗಲ್ಲು ಬಿತ್ತು. ಮುಂದೆ ಬೆಂಗಳೂರಿಗೆ ಬಂದು ನಮ್ಮವರೇ ಆಗಿಹೋದ ಸಿ.ವಿ. ರಾಮನ್ ಆಗ ಕಲ್ಕತ್ತಾದ ಹಣಕಾಸು ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಲೆಕ್ಕಪತ್ರದ ಕುರ್ಚಿಯಿಂದ ಅವರನ್ನೆಬ್ಬಿಸಿ, ಕಡಿಮೆ ಸಂಬಳಕ್ಕೆ ಒಪ್ಪಿಸಿ, 1917ರಲ್ಲಿ ಪ್ರೊಫೆಸರ್ ಮಾಡಿದ್ದು ಇದೇ ಆಶುತೋಷರು.

ನೇಮಕದ ವಿಚಾರದಲ್ಲಿ ಸರ್ಕಾರದ ಕೈ ಎಷ್ಟು ಉದ್ದ ಅಂತ 1913ರಲ್ಲೇ ಗೊತ್ತಾಗಿತ್ತು. ವಿಶ್ವವಿದ್ಯಾನಿಲಯ ಆರಿಸಿದ ಮೂವರು ಲೆಕ್ಚರರುಗಳಿಗೆ ರಾಜಕೀಯದ ನಂಟಿದೆ ಅಂತ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಅವರಲ್ಲೊಬ್ಬರು ಮುಂದೆ ಹೆಸರಾಂತ ಇತಿಹಾಸಕಾರರಾದ ಕಾಶೀಪ್ರಸಾದ್ ಜಯಸ್ವಾಲ್. ಮಾರನೇ ವರ್ಷ ಆಶುತೋಷರ ಅವಧಿಯೂ ಮುಗಿಯಿತು.

ಹುಲಿ ಸುಮ್ಮನೆ ಕೂರಲಿಲ್ಲ. 1917ರಲ್ಲಿ ಸ್ನಾತಕೋತ್ತರ ಕೌನ್ಸಿಲುಗಳು ಬಂದವು, ಕಲೆಗೆ ಒಂದು, ವಿಜ್ಞಾನಕ್ಕೆ ಒಂದು. ನಾನು ಇಷ್ಟುದ್ದ ಪೀಠಿಕೆ ಹಾಕಿದ್ದೇ ಇದಕ್ಕೆ. ಎಂ.ಎ., ಎಂ.ಎಸ್ಸಿ. ತರಗತಿಗೆ ಪಾಠ ಹೇಳೋ ಮೇಷ್ಟ್ರುಗಳೆಲ್ಲ ಈ ಕೌನ್ಸಿಲಿನ ಸದಸ್ಯರು. ಹಿರಿಯ ಪ್ರೊಫೆಸರ್ ಒಬ್ಬರೇ ಅಲ್ಲ, ನಿನ್ನೆ ಮೊನ್ನೆ ಸೇರಿದ ಲೆಕ್ಚರರೂ ಸದಸ್ಯರೇ. ಒಂದೊಂದು ವಿಷಯಕ್ಕೂ ಮೇಷ್ಟ್ರುಗಳದೇ ಒಂದು ಬೋರ್ಡು. ಯಾವ ಪಾಠ, ಯಾವ ಪುಸ್ತಕ, ಪರೀಕ್ಷೆ ಹೇಗೆ, ಯಾರನ್ನು ತಗೋಬೇಕು ಅನ್ನೋ ಚರ್ಚೆ ಅಲ್ಲಿಂದಲೇ ಶುರು. ಸರ್ಕಾರ ನೇಮಿಸಿದವರೇ ತುಂಬಿದ ಸೆನೆಟ್‌ನ ಪಕ್ಕದಲ್ಲೇ ಪಾಠ ಹೇಳುವವರದ್ದೇ ಒಂದು ಸಭೆ ಎದ್ದಿತು. ನಮ್ಮ ದೇಶಕ್ಕೆ ಅದು ಹೊಸದು. ಗುಮಾಸ್ತರಿಗೆ, ಜವಾನರಿಗೆ ಅಲ್ಲಿ ಜಾಗ ಇರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಇನ್ನೂ ಒಂದು ಮಾತು ಮುಚ್ಚಿಡಬಾರದು. ಕೌನ್ಸಿಲ್ ಮೇಷ್ಟ್ರುಗಳದು, ಅಧ್ಯಕ್ಷರು ಮಾತ್ರ ಆಶುತೋಷರೇ! ಅವರ ಎದುರಿಗೆ ಕೈ ಎತ್ತಿ ಬೇಡ ಅನ್ನೋ ಧೈರ್ಯ ಎಷ್ಟು ಮಂದಿಗಿತ್ತೋ. ಎಲ್ಲ ಒಬ್ಬರ ಮರ್ಜಿ, ಖರ್ಚಿಗೆ ಲಂಗುಲಗಾಮಿಲ್ಲ ಅಂತ ಕಲ್ಕತ್ತಾದ ಮಾಡರ್ನ್ ರಿವ್ಯೂ ಪತ್ರಿಕೆ ತಿಂಗಳು ತಿಂಗಳು ಝಾಡಿಸುತ್ತಿತ್ತು. ಇತಿಹಾಸಕಾರ ಜದುನಾಥ ಸರ್ಕಾರರೂ ಅದರಲ್ಲಿ ಬರೆದರು. ಅವರೆಲ್ಲ ಹೊಟ್ಟೆಕಿಚ್ಚಿಗೆ ಬರೆದರು ಅನ್ನೋಕಾಗಲ್ಲ. ಮೇಷ್ಟ್ರುಗಳಿಗೆ ಕುರ್ಚಿ ಹಾಕಿಸಿದವರೇ ಆ ಕುರ್ಚಿಗಳ ಮೇಲೆ ಕಣ್ಣಿಟ್ಟು ಕೂತಿದ್ದರು.

1921ರಲ್ಲಿ ಆಶುತೋಷರು ಮತ್ತೆ ವೈಸ್ ಛಾನ್ಸಲರ್ ಆದರು. ಅದೇ ವರ್ಷ ನಮಗೂ ಅವರಿಗೂ ಒಂದು ಅದಲುಬದಲು ನಡೆಯಿತು. ಅಲ್ಲಿನ ತತ್ತ್ವಶಾಸ್ತ್ರದ ಪ್ರೊಫೆಸರ್ ಬ್ರಜೇಂದ್ರನಾಥ ಶೀಲರು ಮೈಸೂರಿಗೆ ವೈಸ್ ಛಾನ್ಸಲರ್ ಆಗಿ ಬಂದರು. ಅವರು ತೆರವು ಮಾಡಿದ ಪೀಠಕ್ಕೆ ಮೈಸೂರು ಮಹಾರಾಜಾ ಕಾಲೇಜಿನ ರಾಧಾಕೃಷ್ಣನ್ ಅವರನ್ನು ಆಶುತೋಷರು ಕರೆಸಿಕೊಂಡರು. ಹುಡುಗರು ಗಾಡಿ ಎಳೆದು ಮೈಸೂರು ಸ್ಟೇಷನ್ನಿಗೆ ಬಿಟ್ಟುಬಂದ ಆ ಬೀಳ್ಕೊಡುಗೆಯ ಕಥೆ ಹಳಬರ ಬಾಯಲ್ಲಿ ನೀವು ಕೇಳಿಯೇ ಇರುತ್ತೀರಿ.

ಅಷ್ಟರಲ್ಲಿ ಕಲ್ಕತ್ತಾದ ಗಲ್ಲಾಪೆಟ್ಟಿಗೆ ಖಾಲಿ. ಪರೀಕ್ಷಾ ಫೀಸೇ ಮುಖ್ಯ ಆದಾಯ. ಗಾಂಧೀಜಿಯವರ ಅಸಹಕಾರ ಚಳವಳಿಗೆ ಹುಡುಗರು ಪರೀಕ್ಷೆ ಬಿಟ್ಟರು, ಫೀಸು ಬೀಳಲಿಲ್ಲ. ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸೋ ಸಂಸಾರ ಎಂಥದ್ದು ಅಂತ ನಿಮಗೆ ನಾನು ಹೇಳಬೇಕೇ? ಆಗ, 1922ರಲ್ಲಿ, ಬಂಗಾಳ ಸರ್ಕಾರ ಎರಡೂವರೆ ಲಕ್ಷ ಕೊಡ್ತೀವಿ ಅಂತ ಮುಂದೆ ಬಂತು. ಜೊತೆಗೆ ಷರತ್ತುಗಳ ಪಟ್ಟಿ. ಲೆಕ್ಕ ಹೀಗೇ ಇಡಬೇಕು, ನಮ್ಮ ಆಡಿಟ್ ಹೇಳಿದಂತೆ ನಡೀಬೇಕು, ದುಡ್ಡಿಲ್ಲದೆ ಹೊಸದೇನೂ ಶುರು ಮಾಡಕೂಡದು. ವಿದ್ಯಾಮಂತ್ರಿ ಬಿಳಿಯನೂ ಅಲ್ಲ, ಬಂಗಾಳದವರೇ.

ಲೆಕ್ಕ ಕೇಳೋದು ತಪ್ಪೇ? ಅಲ್ಲ. ಸಾಲ ಕೊಟ್ಟವನು ಖಾತೆ ಪುಸ್ತಕ ನೋಡೇ ನೋಡ್ತಾನೆ. ಆದರೆ ಈ ಎರಡೂವರೆ ಲಕ್ಷದ ಹಿಂದೆ ಯಾವ ವಿಭಾಗ ಇರಬೇಕು, ಯಾವುದು ಮುಚ್ಚಬೇಕು ಅನ್ನೋ ಅಧಿಕಾರವೂ ಕಚೇರಿಗೆ ಹೋಗುತ್ತೆ ಅನ್ನೋದು ಆಶುತೋಷರ ವಾದ. ಡಿಸೆಂಬರ್‌ನಲ್ಲಿ ಸೆನೆಟ್ ಸಭೆ ಸೇರಿತು. ದಾಸ್ಯ ಒಂದು ಕೈಯಲ್ಲಿ, ದುಡ್ಡು ಇನ್ನೊಂದು ಕೈಯಲ್ಲಿ ಹಿಡಿದು ಬಂದರೆ ಆ ದುಡ್ಡು ಮುಟ್ಟಲ್ಲ, ಬೇಕಾದರೆ ಬಂಗಾಳದ ಮನೆಮನೆ ಬಾಗಿಲಿಗೆ ಭಿಕ್ಷೆಗೆ ಹೋಗುತ್ತೇವೆ ಅನ್ನೋ ಅರ್ಥದಲ್ಲಿ ಗುಡುಗಿದರು. ಸರ್ಕಾರವೇ ನೇಮಿಸಿದವರು ತುಂಬಿದ್ದ ಸೆನೆಟ್ಟು ಸರ್ಕಾರದ ಷರತ್ತನ್ನು ತಳ್ಳಿಹಾಕಿತು! ಹೊಟ್ಟೆ ಸುಡುತ್ತಿದ್ದುದು ಮಾತ್ರ ಜಡ್ಜಿಯವರದಲ್ಲ, ಲೆಕ್ಚರರುಗಳದು. ಇದನ್ನು ನೆನೆದಾಗ ಹುಲಿಯ ಗರ್ಜನೆಗಿಂತ ಆ ಹೆಸರಿಲ್ಲದ ಮೇಷ್ಟ್ರುಗಳ ಮನೆಯ ಒಲೆಯೇ ನನ್ನ ಕಣ್ಣಿಗೆ ಕಟ್ಟುತ್ತೆ.

1923ರ ಮಾರ್ಚ್‌ನಲ್ಲಿ ಗವರ್ನರ್ ಲಿಟ್ಟನ್ ಕಾಗದ ಬರೆದರು. ಇನ್ನೊಂದು ಅವಧಿಗೆ ನೀವೇ ಮುಂದುವರಿಯಿರಿ, ಆದರೆ ಸರ್ಕಾರಕ್ಕೆ ಎದುರು ಕೆಲಸ ಮಾಡಲ್ಲ ಅಂತ ಭರವಸೆ ಕೊಡಿ ಅನ್ನೋ ಧಾಟಿ. ಹೇಳಿದಂತೆ ಕೇಳೋ ವೈಸ್ ಛಾನ್ಸಲರ್ ಬೇಕಿದ್ದರೆ ಬೇರೆಯವರನ್ನು ಹುಡುಕಿಕೊಳ್ಳಿ ಅಂತ ಖಾರವಾಗಿ ಬರೆದು ಕಳಿಸಿದರು. ಕಾಗದಗಳು ಪತ್ರಿಕೆಗೂ ಬಂದು ಊರೆಲ್ಲ ಓದಿತು. ಗಾದಿಗೆ ಭೂಪೇಂದ್ರನಾಥ ಬಸು ಬಂದರು. ಕೌನ್ಸಿಲುಗಳ ಅಧ್ಯಕ್ಷತೆ ಮಾತ್ರ ಹುಲಿಯ ಹತ್ತಿರವೇ ಉಳಿಯಿತು.

ಜಡ್ಜಿ ಕೆಲಸದಿಂದ ನಿವೃತ್ತರಾಗಿ ಮತ್ತೆ ವಕೀಲರ ಕೋಟು ತೊಟ್ಟರು. ಡುಮ್ರಾಂವ್ ಸಂಸ್ಥಾನದ ಒಂದು ಮೊಕದ್ದಮೆಗೆಂದು ಪಟ್ನಾಕ್ಕೆ ಹೋದವರು 1924ರ ಮೇ 25ರಂದು ಅಲ್ಲೇ ತೀರಿಕೊಂಡರು. ಅರವತ್ತು ತುಂಬೋಕೆ ಇನ್ನೂ ಐದು ವಾರ ಬಾಕಿ ಇತ್ತು.