ಗಾಂಧೀಜಿ ಮತ್ತು ಉಪವಾಸ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಊಟ ಬಿಡೋದಕ್ಕೂ ತಿಳುವಳಿಕೆ ಬೇಕು. ಗಾಂಧೀಜಿ ಅಂದ ಕೂಡಲೇ ನಮಗೆ ಚರಕ, ಕೋಲು, ಕನ್ನಡಕ ನೆನಪಾಗುತ್ತವೆ. ಅವರು ತಮ್ಮ ಆರೋಗ್ಯಕ್ಕಾಗಿ ತಮ್ಮ ಮೈ ಮೇಲೆಯೇ ಎಷ್ಟೋ ಪ್ರಯೋಗ ಮಾಡಿಕೊಂಡಿದ್ದರು. ಅದರಲ್ಲಿ ಉಪವಾಸ ಮುಖ್ಯವಾದದ್ದು. ಅದರ ವಿಷಯವನ್ನು ಇಲ್ಲಿ ಬರೆದಿದ್ದೇನೆ.

ಮೋಹನದಾಸ ಕರಮಚಂದ ಗಾಂಧಿಯವರು 1869ನೇ ಇಸವಿ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ಹುಟ್ಟಿದರು. ತಾಯಿ ಪುತಲೀಬಾಯಿ ತುಂಬಾ ವ್ರತ ಮಾಡುವವರು. ಒಂದು ಸಲ ಮಳೆಗಾಲದಲ್ಲಿ ಸೂರ್ಯನನ್ನು ನೋಡದೆ ಊಟ ಮಾಡುವುದಿಲ್ಲ ಅಂತ ವ್ರತ ಹಿಡಿದರು. ಮಕ್ಕಳು ಅಂಗಳದಲ್ಲಿ ನಿಂತು ಆಕಾಶವನ್ನೇ ನೋಡ್ತಾ ಇರೋರು. ಸೂರ್ಯ ಕಂಡ ಕೂಡಲೇ ಓಡಿ ಹೋಗಿ ಅಮ್ಮನಿಗೆ ಹೇಳೋರು. ಅವರು ಹೊರಗೆ ಬರುವಷ್ಟರಲ್ಲಿ ಮೋಡ ಮುಚ್ಚಿಬಿಡುತ್ತಿತ್ತು. ತಾಯಿ ಬೇಜಾರು ಮಾಡಿಕೊಳ್ಳದೆ ಒಳಗೆ ಹೋಗಿ ಕೆಲಸ ಮಾಡುತ್ತಿದ್ದರು. ಹುಡುಗ ಮೋಹನ ಇದನ್ನೆಲ್ಲ ನೋಡಿ ಬೆಳೆದ.

ಗಾಂಧೀಜಿಯವರು 1888ರಲ್ಲಿ ಲಂಡನ್ನಿಗೆ ಹೋಗಿ ವಕೀಲಿ ಕಲಿತರು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಜೊಹಾನ್ಸ್‌ಬರ್ಗ್ ಊರಿನಲ್ಲಿ ವಕೀಲಿ ಮಾಡುತ್ತಿದ್ದಾಗ ಅವರಿಗೆ ಮಲಬದ್ಧತೆ ಮತ್ತು ತಲೆನೋವು ಪದೇ ಪದೇ ಕಾಡುತ್ತಿದ್ದವು. ಔಷಧಿ ತೆಗೆದುಕೊಂಡರೂ ಪೂರ್ತಿ ವಾಸಿಯಾಗಲಿಲ್ಲ. ಆಗ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬೆಳಗಿನ ತಿಂಡಿ ಬಿಡುವವರ ಸಂಘ ಒಂದಿದೆ ಅಂತ ಓದಿದರು. ತಾವೂ ಬೆಳಗಿನ ತಿಂಡಿ ಬಿಟ್ಟರು. ಕೆಲವು ದಿನ ಕಷ್ಟ ಆಯಿತು, ಆಮೇಲೆ ತಲೆನೋವು ಹೋಯಿತು. ಆದರೆ ಮಲಬದ್ಧತೆ ಹೋಗಲಿಲ್ಲ. ಅದಕ್ಕೆ ಜರ್ಮನಿಯ ಅಡಾಲ್ಫ್ ಜಸ್ಟ್ ಎಂಬುವರ ಪುಸ್ತಕ ಓದಿ, ಶುದ್ಧವಾದ ಮಣ್ಣನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಾಕಿ, ರಾತ್ರಿ ಹೊಟ್ಟೆಯ ಮೇಲೆ ಕಟ್ಟಿಕೊಂಡು ಮಲಗುತ್ತಿದ್ದರು. ಅದರಿಂದ ಗುಣ ಕಂಡಿತು.

1910ರಲ್ಲಿ ಅವರ ಗೆಳೆಯ ಕಾಲೆನ್‌ಬಾಕ್ ಸುಮಾರು 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳು ಇರುವುದಕ್ಕೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರಂ. ಅಲ್ಲಿ ಹಿಂದೂ, ಮುಸ್ಲಿಂ, ಪಾರಸಿ, ಕ್ರೈಸ್ತ ಎಲ್ಲರೂ ಒಟ್ಟಿಗೆ ಇದ್ದರು. ರಂಜಾನ್ ಬಂದಾಗ ಮುಸ್ಲಿಂ ಹುಡುಗರು ರೋಜಾ ಮಾಡಿದರೆ ಬೇರೆ ಹುಡುಗರೂ ಅವರ ಜೊತೆ ಹಗಲೂಟ ಬಿಟ್ಟರು. ಮೊದಲು ಗಾಂಧೀಜಿಯವರು ಏಕಾದಶಿಗೆ ಹಣ್ಣು ತಿಂದು ಇರುತ್ತಿದ್ದರು. ಆಮೇಲೆ ಬರೀ ನೀರು ಕುಡಿದು ಇರತೊಡಗಿದರು. ಅಲ್ಲಿ ಅವರು ಒಂದು ವಿಷಯ ಕಂಡುಕೊಂಡರು. ಹೊಟ್ಟೆ ಖಾಲಿ ಇದ್ದು ಮನಸ್ಸು ಮಾತ್ರ ತಿಂಡಿಯ ಮೇಲೆಯೇ ಇದ್ದರೆ, ಉಪವಾಸ ಮುಗಿದ ಮೇಲೆ ಎರಡರಷ್ಟು ತಿನ್ನುತ್ತೇವೆ. ಅಂಥ ಉಪವಾಸದಿಂದ ಏನೂ ಲಾಭವಿಲ್ಲ.

ಒಂದು ದಿನದ ಉಪವಾಸ ಬೇರೆ, ಬಹಳ ದಿನದ ಉಪವಾಸ ಬೇರೆ. 1913ರಲ್ಲಿ ಆಶ್ರಮದ ಇಬ್ಬರು ತಪ್ಪು ನಡೆದುಕೊಂಡಾಗ ಗಾಂಧೀಜಿಯವರು ಅವರನ್ನು ಹೊಡೆಯಲಿಲ್ಲ, ತಾವೇ 7 ದಿನ ಊಟ ಬಿಟ್ಟರು. 1914ರಲ್ಲಿ ಇನ್ನೊಂದು ಸಲ 14 ದಿನ ಬಿಟ್ಟರು. ಇವು ಆರೋಗ್ಯಕ್ಕೆ ಮಾಡಿದ್ದಲ್ಲ, ಪ್ರಾಯಶ್ಚಿತ್ತಕ್ಕೆ. ಆದರೂ ಇವುಗಳಿಂದ ದೇಹದ ವಿಷಯ ಬಹಳ ತಿಳಿಯಿತು. ಎರಡನೇ ಸಲ ನೀರು ಕುಡಿದರೆ ವಾಕರಿಕೆ ಬರುತ್ತಿತ್ತು. ಅದಕ್ಕೆ ನೀರನ್ನು ಬಹಳ ಕಡಿಮೆ ಕುಡಿದರು. ಗಂಟಲು ಒಣಗಿ, ಕೊನೆಯ ದಿನಗಳಲ್ಲಿ ಮಾತೇ ಮೆಲ್ಲಗೆ ಬರುವ ಹಾಗೆ ಆಯಿತು. ಉಪವಾಸದಲ್ಲಿ ನೀರು ಚೆನ್ನಾಗಿ ಕುಡಿಯಲೇಬೇಕು ಅಂತ ಅವರಿಗೆ ಆಗ ಗೊತ್ತಾಯಿತು.

ಉಪವಾಸ ಮುಗಿದ ಸ್ವಲ್ಪ ದಿನಕ್ಕೇ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಬೇಗ ಶಕ್ತಿ ಬರಲಿ ಅಂತ ಹಡಗಿನ ಮೇಲೆ ನಡೆದಾಡುತ್ತಿದ್ದರು. ಕಾಲಿನ ಮೀನಖಂಡ ವಿಪರೀತ ನೋವಾಯಿತು. ಲಂಡನ್ನಿನಲ್ಲಿ ಡಾ. ಜೀವರಾಜ ಮೆಹ್ತಾ ಅವರು ಪರೀಕ್ಷೆ ಮಾಡಿ, ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳದಿದ್ದರೆ ಕಾಲೇ ಹೋಗಬಹುದು ಅಂತ ಎಚ್ಚರಿಕೆ ಕೊಟ್ಟರು. ಉಪವಾಸ ಮಾಡುವುದಕ್ಕಿಂತ ಅದನ್ನು ಬಿಡುವಾಗ ಹೆಚ್ಚು ಜೋಪಾನ ಬೇಕು ಎಂಬ ಪಾಠ ಅವರಿಗೆ ಇಲ್ಲಿ ಸಿಕ್ಕಿತು.

1915ರಲ್ಲಿ ಅವರು ಭಾರತಕ್ಕೆ ಬಂದರು. 1918ರಲ್ಲಿ ಅವರಿಗೆ ಆಮಶಂಕೆ ಶುರುವಾಯಿತು. ಒಂದು ಹೊತ್ತು ಊಟ ಬಿಟ್ಟಾಗ ಸ್ವಲ್ಪ ಹಗುರ ಆಯಿತು. ಆದರೆ ಅಂದು ಹಬ್ಬ. ಕಸ್ತೂರ ಬಾ ಗೋಧಿಯ ಸಿಹಿ ಗಂಜಿ ಮತ್ತು ಹೆಸರುಕಾಳು ಮಾಡಿದ್ದರು. ಗಾಂಧೀಜಿಯವರು ಆಸೆ ತಡೆಯಲಾರದೆ ಹೊಟ್ಟೆ ತುಂಬಾ ತಿಂದರು. ಒಂದು ಗಂಟೆಯೊಳಗೆ ಕಾಯಿಲೆ ಜೋರಾಯಿತು. ಔಷಧಿ ಬೇಡ ಅಂದರು, ಉಪವಾಸ ಮಾಡಿದರು. ಆದರೆ ಈ ಸಲ ಉಪವಾಸ ಕೈ ಹಿಡಿಯಲಿಲ್ಲ. ಎಷ್ಟು ಸೊರಗಿದರು ಅಂದರೆ ತಾವು ಉಳಿಯುವುದಿಲ್ಲ ಅಂತ ಅವರಿಗೇ ಅನ್ನಿಸಿತ್ತು. 1912ರಿಂದ ಅವರು ಹಾಲು ಕುಡಿಯುವುದನ್ನೇ ಬಿಟ್ಟಿದ್ದರು. ಹಾಲು ಇಲ್ಲದೆ ಮೈಗೆ ಶಕ್ತಿ ಬರುವುದಿಲ್ಲ ಅಂತ ಡಾಕ್ಟರು ಹೇಳಿದರು. ವ್ರತ ಹಿಡಿದಾಗ ಹಸು, ಎಮ್ಮೆ ಹಾಲನ್ನು ತಾನೇ ನೆನೆದಿದ್ದು, ಆಡಿನ ಹಾಲು ಕುಡಿಯಬಹುದಲ್ಲ ಅಂತ ಕಸ್ತೂರ ಬಾ ದಾರಿ ತೋರಿಸಿದರು. ಆಡಿನ ಹಾಲು ಕುಡಿದು ಚೇತರಿಸಿಕೊಂಡರು. ವ್ರತಕ್ಕೆ ಕುಂದು ಬಂತಲ್ಲ ಎಂಬ ನೋವು ಅವರಿಗೆ ಕೊನೆಯವರೆಗೂ ಇತ್ತು. ನನಗೆ ಅನ್ನಿಸೋದು, ಅವತ್ತು ಬಾ ಹೇಳಿದ ಮಾತೇ ಅವರನ್ನು ಉಳಿಸಿತು.

1924ರಲ್ಲಿ ಹಿಂದೂ ಮುಸ್ಲಿಂ ಗಲಭೆ ನಿಲ್ಲಲಿ ಅಂತ ದೆಹಲಿಯಲ್ಲಿ 21 ದಿನ ಉಪವಾಸ ಮಾಡಿದರು. ಅಕ್ಟೋಬರ್‌ನಲ್ಲಿ ಉಪವಾಸ ಮುಗಿಯಿತು. ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಅವರು ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. 1927ರಲ್ಲಿ ರಕ್ತದ ಒತ್ತಡ ಹೆಚ್ಚಾದಾಗ ನಮ್ಮ ನಂದಿಬೆಟ್ಟಕ್ಕೆ ಬಂದು ವಿಶ್ರಾಂತಿ ತೆಗೆದುಕೊಂಡರು. ಉಪವಾಸವೊಂದೇ ಎಲ್ಲಾ ಕಾಯಿಲೆಗೂ ಮದ್ದಲ್ಲ ಅಂತ ಇದರಿಂದ ತಿಳಿಯುತ್ತದೆ.

1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಮೇಲೆ ಒಂದು ಚಿಕ್ಕ ಪುಸ್ತಕ ಬರೆದರು. ಅಲ್ಲೇ 1943ರ ಫೆಬ್ರವರಿ 10ರಿಂದ 21 ದಿನ ಉಪವಾಸ ಮಾಡಿದರು. ಆಗ ಅವರಿಗೆ 73 ವರ್ಷ. ನಡುವೆ ಸ್ಥಿತಿ ಬಹಳ ಬಿಗಡಾಯಿಸಿತು. ನೀರು ಒಳಗೆ ಹೋಗದಿದ್ದಾಗ ಅದಕ್ಕೆ ಸ್ವಲ್ಪ ಮೋಸಂಬಿ ರಸ ಬೆರೆಸಿ ಕೊಟ್ಟರು. ದಿನಾ ಡಾಕ್ಟರುಗಳು ಪಕ್ಕದಲ್ಲೇ ಇರುತ್ತಿದ್ದರು. 1946ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನ್ ಎಂಬ ಹಳ್ಳಿಯಲ್ಲಿ ಬಡವರಿಗೆ ಪ್ರಕೃತಿ ಚಿಕಿತ್ಸೆ ಶುರು ಮಾಡಿದರು. 1948ರ ಜನವರಿಯಲ್ಲಿ ದೆಹಲಿಯಲ್ಲಿ ಕೊನೆಯ ಉಪವಾಸ ಮಾಡಿದರು. ಅದೇ ತಿಂಗಳು 30ರಂದು ಅವರ ಹತ್ಯೆಯಾಯಿತು.

ಊಟ ಬಿಟ್ಟರೆ ಮೈಯೊಳಗೆ ಏನಾಗುತ್ತೆ? ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಅಂಶ ಸುಮಾರು ಒಂದು ದಿನದಲ್ಲಿ ಖರ್ಚಾಗುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ. ಅದರ ಜೊತೆ ಮಾಂಸಖಂಡವೂ ಕರಗುತ್ತದೆ. ಬಹಳ ದಿನ ಉಪವಾಸ ಇದ್ದು ಒಮ್ಮೆಲೇ ಹೊಟ್ಟೆ ತುಂಬಾ ತಿಂದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ. ಅದಕ್ಕೇ ಹಣ್ಣಿನ ರಸದಿಂದ ನಿಧಾನವಾಗಿ ಶುರು ಮಾಡ್ತಾರೆ. ಮಕ್ಕಳು, ಗರ್ಭಿಣಿಯರು, ಕಾಯಿಲೆಯವರು ಡಾಕ್ಟರನ್ನು ಕೇಳದೆ ಇಂಥ ಉಪವಾಸ ಮಾಡಬಾರದು.

ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಗುಳಿಗೆ ನುಂಗಿ ಏಕಾದಶಿ ಉಪವಾಸ ಮಾಡ್ತಿದ್ದರು. ಒಂದು ಸಲ ಕೈ ನಡುಗಿ, ಬೆವರಿ ಕುಸಿದು ಕೂತರು. ಅವ್ವ ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದರು. ಗುಳಿಗೆ ತಗೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗುತ್ತೆ ಅಂತ ಡಾಕ್ಟರು ಹೇಳಿದರು. ಈಗ ಅಜ್ಜಿ ಏಕಾದಶಿ ದಿನ ಊಟ ಮಾಡಿ, ದೇವರ ಮುಂದೆ ಸ್ವಲ್ಪ ಹೊತ್ತು ಹೆಚ್ಚಿಗೆ ಕೂರ್ತಾರೆ.

ಇನ್ನೊಂದು ಮಾತು. ಗಾಂಧೀಜಿಯವರು ಸೆರೆಯಲ್ಲಿ ಉಪವಾಸ ಮಾಡಿದ 1943ರಲ್ಲೇ ಬಂಗಾಳದಲ್ಲಿ ಬರಗಾಲ ಬಂದು ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಅದು ಉಪವಾಸ ಅಲ್ಲ, ಹಸಿವು. ಅನ್ನ ಇದ್ದೂ ತಾನಾಗಿ ಬಿಟ್ಟರೆ ಉಪವಾಸ. ಅನ್ನವೇ ಇಲ್ಲದಿದ್ದರೆ ಹಸಿವು. ಕೂಲಿಗೆ ಹೋಗುವ ಅವಸರದಲ್ಲಿ ಒಲೆ ಹಚ್ಚದೆ, ಬರೀ ಹೊಟ್ಟೆಯಲ್ಲಿ ಪ್ರಾರ್ಥನೆಗೆ ನಿಲ್ಲುವವರು ನಮ್ಮ ಶಾಲೆಯಲ್ಲೂ ಇದ್ದಾರೆ. ಬಿಸಿಯೂಟದ ಗಂಟೆ ಹೊಡೆಯುವವರೆಗೆ ಅವರಿಗೆ ಲೆಕ್ಕ ತಲೆಗೆ ಹತ್ತೋದಿಲ್ಲ. ಅಂಥವರು ಯಾರಂತ ಪಕ್ಕದಲ್ಲಿ ಕೂರುವ ನಮಗೆ ಗೊತ್ತೇ ಇರುತ್ತೆ. ನಮ್ಮ ರೊಟ್ಟಿಯಲ್ಲಿ ಅರ್ಧ ಕೊಟ್ಟರೆ ನಮಗೆ ಅರ್ಧ ಉಪವಾಸ, ಅವರಿಗೆ ಅರ್ಧ ಊಟ. ಗಾಂಧೀಜಿಯವರಿಗೆ ಇಂಥ ಉಪವಾಸವೇ ಹೆಚ್ಚು ಇಷ್ಟ ಆಗ್ತಿತ್ತು ಅಂತ ನನಗೆ ಅನ್ನಿಸುತ್ತದೆ.



7ನೇ ತರಗತಿ ವಿದ್ಯಾರ್ಥಿನಿ