ದುಡಿಯುವವರನ್ನು ಪಾಲುದಾರರನ್ನಾಗಿಸಿದ ಜವಳಿ ವ್ಯಾಪಾರಿ ಜೆ. ಸಿ. ಪೆನ್ನಿ

ಅಂಗಡಿ ಬೆಳೆದಂತೆ ಧಣಿಯೂ ಬೆಳೆಯುವುದು ಲೋಕರೂಢಿ. ಅಂಗಡಿಯಲ್ಲಿ ದುಡಿಯುವವನೂ ಧಣಿಯಾದರೆ ಮಾತ್ರ ವ್ಯಾಪಾರ ಬೆಳೆಯುತ್ತದೆ ಎಂದು ನಂಬಿ, ಆ ನಂಬಿಕೆಯ ಮೇಲೆಯೇ ಸಾವಿರಕ್ಕೂ ಮಿಕ್ಕಿದ ಬಟ್ಟೆ ಮಳಿಗೆಗಳನ್ನು ಕಟ್ಟಿದವರು ಅಮೆರಿಕದ ಜೇಮ್ಸ್ ಕ್ಯಾಶ್ ಪೆನ್ನಿ. ತಂದೆಯಿಂದ ಬಂದ ಹೆಸರಿನಲ್ಲಿಯೇ ಕ್ಯಾಶ್, ಅಂದರೆ ನಗದು, ಸೇರಿಕೊಂಡಿದ್ದ ಈ ವ್ಯಕ್ತಿ ಜೀವನದ ಬಹುಭಾಗ ಯಾರಿಗೂ ಕಡ ಕೊಡದೆ ವ್ಯಾಪಾರ ಮಾಡಿದವರು ಎಂಬುದು ಕಾಕತಾಳೀಯವಾದರೂ ನಿಜ.

ಪೆನ್ನಿ ಅವರು 1875ರ ಸೆಪ್ಟೆಂಬರ್ 16ರಂದು ಮಿಸೌರಿ ರಾಜ್ಯದ ಹ್ಯಾಮಿಲ್ಟನ್ ಎಂಬ ಸಣ್ಣ ಊರಿನ ಸಮೀಪ ಕೃಷಿಕ ಕುಟುಂಬದಲ್ಲಿ ಜನಿಸಿದರು. ತಂದೆ ಹೊಲದಲ್ಲಿ ದುಡಿಯುವುದರ ಜತೆಗೆ ಸಂಬಳವಿಲ್ಲದೆ ಬ್ಯಾಪ್ಟಿಸ್ಟ್ ಪಂಗಡದ ಧರ್ಮೋಪದೇಶಕರಾಗಿಯೂ ಸೇವೆ ಸಲ್ಲಿಸುತ್ತಿದ್ದರು. ಮನೆಯಲ್ಲಿ ಶಿಸ್ತು ಹೆಚ್ಚು, ಹಣ ಕಡಿಮೆ. ಮಗನಿಗೆ ಎಂಟು ವರ್ಷ ತುಂಬಿದಾಗ, ಇನ್ನು ಮುಂದೆ ನಿನ್ನ ಬಟ್ಟೆಬರೆಯ ಖರ್ಚನ್ನು ನೀನೇ ಸಂಪಾದಿಸಿಕೊಳ್ಳಬೇಕೆಂದು ತಂದೆ ತಿಳಿಸಿದರು. ಹುಡುಗ ಹಂದಿಮರಿ ಸಾಕಿ ನಾಲ್ಕು ಕಾಸು ಮಾಡತೊಡಗಿದ. ವಾಸನೆಯೆಂದು ನೆರೆಹೊರೆಯವರು ದೂರಿದಾಗ, ಅವು ಪೂರ್ತಿ ಕೊಬ್ಬುವ ಮೊದಲೇ ಎಲ್ಲವನ್ನೂ ಮಾರಿಬಿಡುವಂತೆ ತಂದೆ ಆಜ್ಞಾಪಿಸಿದರು. ತನ್ನ ಲಾಭ ನೆರೆಯವನಿಗೆ ತೊಂದರೆಯಾಗಬಾರದು ಎಂಬ ಪಾಠ ಅವರ ಮನಸ್ಸಿನಲ್ಲಿ ಬೇರೂರಿದ್ದು ಹೀಗೆ.

1895ರಲ್ಲಿ ಊರಿನ ಜವಳಿ ಅಂಗಡಿಯೊಂದರಲ್ಲಿ ಪೆನ್ನಿ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ ಎರಡು ಡಾಲರ್ 27 ಸೆಂಟ್. ಆರೋಗ್ಯ ಕೆಟ್ಟು, ಒಣಹವೆಯ ಊರಿಗೆ ಹೋಗುವುದು ಒಳ್ಳೆಯದೆಂದು ವೈದ್ಯರು ಸಲಹೆ ನೀಡಿದ್ದರಿಂದ 1897ರಲ್ಲಿ ಕೊಲೊರಾಡೊ ರಾಜ್ಯಕ್ಕೆ ತೆರಳಿದರು. ಅಲ್ಲಿನ ಲಾಂಗ್‌ಮಾಂಟ್ ಪಟ್ಟಣದಲ್ಲಿ ಉಳಿತಾಯದ ಹಣವೆಲ್ಲ ಸುರಿದು ಮಾಂಸದ ಅಂಗಡಿ ತೆರೆದರು. ಅಂಗಡಿಯ ದೊಡ್ಡ ಗಿರಾಕಿ ಊರಿನ ಹೋಟೆಲು. ಅದರ ಮುಖ್ಯ ಅಡುಗೆಯವನಿಗೆ ವಾರಕ್ಕೊಂದು ವಿಸ್ಕಿ ಬಾಟಲಿ ಕೊಟ್ಟರೆ ಮಾತ್ರ ವ್ಯಾಪಾರ ಎಂಬ ಸ್ಥಿತಿ. ಒಮ್ಮೆ ಕೊಟ್ಟ ಪೆನ್ನಿ, ಅನಂತರ ಮನಸ್ಸೊಪ್ಪದೆ ನಿಲ್ಲಿಸಿದರು. ಹೋಟೆಲಿನ ಗಿರಾಕಿ ತಪ್ಪಿತು, ಅಂಗಡಿ ಮುಚ್ಚಿತು. ಕೈ ಬರಿದಾಗಿ ಅವರು ಮತ್ತೆ ಜವಳಿ ಅಂಗಡಿಯ ನೌಕರಿಗೇ ಮರಳಿದರು.

ಗಣಿ ಊರಿನಲ್ಲಿ ಮೊದಲ ಮಳಿಗೆ

ಈ ಬಾರಿ ಅವರಿಗೆ ದೊರೆತವರು ಥಾಮಸ್ ಕ್ಯಾಲಹನ್ ಮತ್ತು ಗೈ ಜಾನ್ಸನ್ ಎಂಬ ಪಾಲುದಾರರು. ಗೋಲ್ಡನ್ ರೂಲ್ ಎಂಬ ಹೆಸರಿನಲ್ಲಿ ಅವರು ಜವಳಿ ಅಂಗಡಿಗಳನ್ನು ನಡೆಸುತ್ತಿದ್ದರು. ಇತರರು ನಮ್ಮೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೇವೆಯೋ ನಾವೂ ಅವರೊಂದಿಗೆ ಹಾಗೆಯೇ ನಡೆದುಕೊಳ್ಳಬೇಕೆಂಬ ಬೈಬಲಿನ ಸೂತ್ರವೇ ಈ ಹೆಸರಿನ ಅರ್ಥ. ಪೆನ್ನಿಯವರ ದುಡಿಮೆ ಕಂಡು ಮೆಚ್ಚಿದ ಇಬ್ಬರೂ, ಹೊಸ ಅಂಗಡಿಯೊಂದರಲ್ಲಿ ಮೂರನೇ ಒಂದು ಪಾಲು ಕೊಡಲು ಮುಂದಾದರು. ಪಾಲಿಗೆ ಬೇಕಾದ ಹಣ 2,000 ಡಾಲರ್. ಪೆನ್ನಿ ದಂಪತಿಯ ಬಳಿ ಇದ್ದುದು 500 ಡಾಲರ್ ಮಾತ್ರ. ಉಳಿದ 1,500 ಡಾಲರನ್ನು ಹುಟ್ಟೂರಿನ ಬ್ಯಾಂಕಿನಿಂದ ಸಾಲ ತಂದರು.

1902ರ ಎಪ್ರಿಲ್ 14ರಂದು ವಯೋಮಿಂಗ್ ರಾಜ್ಯದ ಕೆಮರರ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಆ ಮಳಿಗೆ ಬಾಗಿಲು ತೆರೆಯಿತು. ಸಣ್ಣ ಮರದ ಕಟ್ಟಡ, ಮೇಲಿನ ಅಟ್ಟದಲ್ಲಿಯೇ ವಾಸ. ಸರಕು ಬಂದ ಪೆಟ್ಟಿಗೆಗಳೇ ಮೇಜು, ಕುರ್ಚಿ. ಪತ್ನಿ ಬರ್ಟಾ ಗಂಡನೊಂದಿಗೆ ಕೌಂಟರಿನಲ್ಲಿ ನಿಂತು ದುಡಿದರು. ಆ ಊರಿನಲ್ಲಿ ಗಣಿ ಕಂಪೆನಿಯ ಅಂಗಡಿಯೇ ಎಲ್ಲಕ್ಕೂ ಆಧಾರ. ಕಾರ್ಮಿಕರು ಅಲ್ಲಿಂದ ಕಡದಲ್ಲಿ ಸಾಮಾನು ಒಯ್ಯುವುದು, ಸಂಬಳದಲ್ಲಿ ಅದು ಮುರಿದುಹೋಗುವುದು ವಾಡಿಕೆ. ನಗದಿಗೆ ಮಾತ್ರ ಮಾರುವ ಅಂಗಡಿ ಇಂತಹ ಊರಿನಲ್ಲಿ ಉಳಿಯಲಾರದೆಂದು ಸ್ಥಳೀಯ ಬ್ಯಾಂಕಿನವರು ಎಚ್ಚರಿಸಿದ್ದರು. ಪೆನ್ನಿ ತಮ್ಮ ಪಟ್ಟು ಬಿಡಲಿಲ್ಲ. ಕಡ ಇಲ್ಲ, ಚೌಕಾಸಿ ಇಲ್ಲ, ಎಲ್ಲರಿಗೂ ಒಂದೇ ಬೆಲೆ, ಲಾಭ ಅಲ್ಪ, ಮಾಲು ಗಟ್ಟಿ ಎಂಬುದು ಅವರ ಕ್ರಮ. ಮೊದಲ ದಿನ ಮುಂಜಾವಿನಿಂದ ನಡುರಾತ್ರಿಯ ತನಕ ನಡೆದ ವ್ಯಾಪಾರ 466 ಡಾಲರ್ 59 ಸೆಂಟ್. ವರ್ಷ ಮುಗಿದಾಗ ಅದು 28 ಸಾವಿರ ಡಾಲರ್ ಮೀರಿತ್ತು. ಕಡದ ಪುಸ್ತಕವಿಲ್ಲದ್ದರಿಂದ ಬಾರದ ಬಾಕಿಯ ನಷ್ಟವಿಲ್ಲ, ನಷ್ಟವಿಲ್ಲದ್ದರಿಂದ ಬೆಲೆ ಇಳಿಸಲು ಸಾಧ್ಯ ಎಂಬ ಸರಳ ಲೆಕ್ಕ ಗಣಿ ಕಾರ್ಮಿಕರ ಮನೆಯವರಿಗೂ ಅರ್ಥವಾಯಿತು.

ಪಾಲಿನಿಂದ ಪಾಲು

1907ರಲ್ಲಿ ಕ್ಯಾಲಹನ್ ಮತ್ತು ಜಾನ್ಸನ್ ತಮ್ಮ ಪಾಲುದಾರಿಕೆ ಮುಗಿಸಿದಾಗ, ಮೂರು ಮಳಿಗೆಗಳಲ್ಲಿದ್ದ ಅವರ ಪಾಲನ್ನು ಪೆನ್ನಿ 30,000 ಡಾಲರಿಗೆ ಕೊಂಡರು. ಅಲ್ಲಿಂದ ಆರಂಭವಾದ ಬೆಳವಣಿಗೆಯ ಗುಟ್ಟು, ತಾವು ಮೇಲೆ ಬಂದ ದಾರಿಯನ್ನೇ ಅವರು ಇತರರಿಗೂ ತೆರೆದಿಟ್ಟದ್ದು. ಮಳಿಗೆಯ ಮ್ಯಾನೇಜರನಿಗೆ ಅದರ ಲಾಭದಲ್ಲಿ ಪಾಲು. ಆ ಪಾಲನ್ನು ಉಳಿಸಿ, ತನ್ನ ಕೈಕೆಳಗಿನ ಒಬ್ಬನನ್ನು ಮ್ಯಾನೇಜರಿಕೆಗೆ ತಯಾರು ಮಾಡಿದರೆ, ಆತ ತೆರೆಯುವ ಹೊಸ ಮಳಿಗೆಯಲ್ಲಿ ಇವನೂ ಹಣ ಹೂಡಿ ಪಾಲುದಾರನಾಗಬಹುದು. ಆ ಹೊಸಬನೂ ಮುಂದೆ ಇನ್ನೊಬ್ಬನನ್ನು ತಯಾರು ಮಾಡಬೇಕು. ಆದ್ದರಿಂದ ತಮ್ಮ ಕಸುಬನ್ನು ಇನ್ನೊಬ್ಬರಿಗೆ ಕಲಿಸಲು ಯಾರೂ ಹಿಂಜರಿಯುವಂತಿರಲಿಲ್ಲ, ಕಲಿಸಿದವರಿಗೇ ಲಾಭ. ಹೊರಗಿನ ಬಂಡವಾಳಕ್ಕಿಂತ ಒಳಗಿನವರ ಉಳಿತಾಯವೇ ಹೊಸ ಅಂಗಡಿಗಳನ್ನು ತೆರೆಯುತ್ತಾ ಹೋಯಿತು. ನೌಕರರೆಂಬ ಮಾತಿನ ಬದಲು ಸಹವರ್ತಿಗಳು ಎಂಬ ಮಾತನ್ನು ಪೆನ್ನಿ ಬಳಕೆಗೆ ತಂದರು.

1909ರಲ್ಲಿ ಪ್ರಧಾನ ಕಚೇರಿ ಸಾಲ್ಟ್ ಲೇಕ್ ಸಿಟಿಗೆ ಬಂತು. 1912ರ ಹೊತ್ತಿಗೆ 34 ಮಳಿಗೆಗಳು, 20 ಲಕ್ಷ ಡಾಲರಿಗೂ ಮಿಕ್ಕಿದ ವ್ಯಾಪಾರ. 1913ರಲ್ಲಿ ಸಂಸ್ಥೆ ಜೆ. ಸಿ. ಪೆನ್ನಿ ಕಂಪೆನಿ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಮರುವರ್ಷ ಕಚೇರಿ ನ್ಯೂಯಾರ್ಕಿಗೆ ಸ್ಥಳಾಂತರಗೊಂಡಿತು. ಸಿದ್ಧ ಉಡುಪು ತಯಾರಕರೆಲ್ಲ ಅಲ್ಲಿದ್ದುದೇ ಇದಕ್ಕೆ ಕಾರಣ. ಎಲ್ಲ ಮಳಿಗೆಗಳ ಪರವಾಗಿ ಒಟ್ಟಿಗೆ ಖರೀದಿಸಿದಾಗ ದರ ಇಳಿಯುತ್ತದೆ, ನಗರದ ಫ್ಯಾಷನ್ ಹಳ್ಳಿಯ ಪೇಟೆಗೂ ಬೇಗ ತಲುಪುತ್ತದೆ. ತನ್ನ ಊರಿಗೆ ಯಾವುದು ಬೇಕು, ಎಷ್ಟು ಬೇಕು ಎಂಬುದನ್ನು ಹೇಳುವ ಹಕ್ಕು ಮಾತ್ರ ಆಯಾ ಮ್ಯಾನೇಜರನಿಗೇ ಇತ್ತು. ಖರೀದಿ ಒಂದೆಡೆ, ತೀರ್ಮಾನ ಹಲವೆಡೆ ಎಂಬ ಈ ಕ್ರಮವೇ ಸಂಸ್ಥೆಯ ಬಲವಾಯಿತು.

1917ರಲ್ಲಿ, ಇನ್ನೂ 42ನೇ ವಯಸ್ಸಿನಲ್ಲಿರುವಾಗಲೇ, ಪೆನ್ನಿ ಅಧ್ಯಕ್ಷ ಸ್ಥಾನವನ್ನು ತಮ್ಮ ಕೈಕೆಳಗೆ ಪಳಗಿದ ಅರ್ಲ್ ಸ್ಯಾಮ್ಸ್ ಅವರಿಗೆ ಬಿಟ್ಟುಕೊಟ್ಟು ಆಡಳಿತ ಮಂಡಳಿಯ ಮುಖ್ಯಸ್ಥರಾಗಿ ಉಳಿದರು. 1924ರಲ್ಲಿ 500ನೇ ಮಳಿಗೆ ತೆರೆದದ್ದು ಹುಟ್ಟೂರು ಹ್ಯಾಮಿಲ್ಟನ್‌ನಲ್ಲಿ. 1929ರ ಕೊನೆಯಲ್ಲಿ ಮಳಿಗೆಗಳ ಸಂಖ್ಯೆ 1,392.

ಏಳುಬೀಳು

ಈ ಏಳಿಗೆಯ ನಡುವೆಯೇ ದುಃಖಗಳೂ ಬಂದವು. ಪತ್ನಿ ಬರ್ಟಾ 1910ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಎರಡನೇ ಪತ್ನಿ ಮೇರಿಯೂ 1923ರಲ್ಲಿ ನಿಧನರಾದರು. 1926ರಲ್ಲಿ ಅವರು ಕ್ಯಾರೊಲಿನ್ ಅವರನ್ನು ವಿವಾಹವಾದರು. ಸಂಪತ್ತು ಬಂದಾಗ ದಾನವೂ ನಡೆಯಿತು. ಫ್ಲಾರಿಡಾದಲ್ಲಿ ಕೃಷಿಕರ ವಸಾಹತು ಮತ್ತು ತಂದೆ-ತಾಯಿಯ ಸ್ಮರಣಾರ್ಥ ನಿವೃತ್ತ ಧರ್ಮೋಪದೇಶಕರಿಗಾಗಿ ವಸತಿ ನೆಲೆಯನ್ನು ಕಟ್ಟಿಸಿದರು.

ಕಂಪೆನಿಯ ಶೇರುಗಳು ನ್ಯೂಯಾರ್ಕ್ ಶೇರುಪೇಟೆಗೆ ಬಂದದ್ದು 1929ರ ಅಕ್ಟೋಬರಿನಲ್ಲಿ. ಕೆಲವೇ ದಿನಗಳಲ್ಲಿ ಪೇಟೆ ಕುಸಿಯಿತು. ಶೇರುಗಳ ಆಧಾರದಲ್ಲಿ ಸಾಲ ಮಾಡಿದ್ದ ಪೆನ್ನಿಯವರ ಸ್ವಂತ ಆಸ್ತಿ ಕರಗಿತು. ಅವರು ಮುಖ್ಯಸ್ಥರಾಗಿದ್ದ ಮಯಾಮಿಯ ಬ್ಯಾಂಕೂ ಮುಳುಗಿತು. ಇತರರಿಗೆ ಕಡ ಕೊಡದ ವ್ಯಕ್ತಿ ತಾವೇ ಸಾಲದಲ್ಲಿ ಸಿಲುಕಿದ್ದರು. ದೇಹ, ಮನಸ್ಸು ಎರಡೂ ಕುಗ್ಗಿ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನ ಆರೋಗ್ಯಧಾಮಕ್ಕೆ ದಾಖಲಾದರು. ಅಲ್ಲೊಂದು ಬೆಳಗ್ಗೆ ಪ್ರಾರ್ಥನಾ ಮಂದಿರದಿಂದ ಕೇಳಿಬಂದ ಭಜನೆ ತಮಗೆ ಮರುಜೀವ ಕೊಟ್ಟಿತೆಂದು ಅವರು ಮುಂದೆ ಹೇಳಿಕೊಳ್ಳುತ್ತಿದ್ದರು.

ಧಣಿಯ ಆಸ್ತಿ ಹೋದರೂ ಮಳಿಗೆಗಳು ಉಳಿದವು ಎಂಬುದು ಇಲ್ಲಿ ಗಮನಾರ್ಹ. ಒಬ್ಬನೇ ಒಡೆಯನ ಕಿಸೆಗೆ ಕಟ್ಟಿಹಾಕಿದ ವ್ಯಾಪಾರವಾಗಿದ್ದರೆ ಅದೂ ಅವನೊಂದಿಗೆ ಮುಳುಗುತ್ತಿತ್ತು. ನೂರಾರು ಪಾಲುದಾರರು ಹೊತ್ತ ಸಂಸ್ಥೆ ಆರ್ಥಿಕ ಕುಸಿತದ ವರ್ಷಗಳನ್ನು ದಾಟಿತು. ಐವತ್ತೈದು ದಾಟಿದ ಪೆನ್ನಿ ಮತ್ತೆ ದುಡಿಮೆಗಿಳಿದರು, ಊರೂರಿನ ಮಳಿಗೆಗಳಿಗೆ ಭೇಟಿ ಕೊಟ್ಟು ಕೌಂಟರಿನ ಹಿಂದೆ ನಿಂತರು. ಡೆ ಮೊಯಿನ್ ನಗರದ ಮಳಿಗೆಯಲ್ಲಿ 1940ರಲ್ಲಿ ತಿಂಗಳಿಗೆ 75 ಡಾಲರ್ ಸಂಬಳಕ್ಕೆ ಸೇರಿದ್ದ ಯುವಕನೊಬ್ಬನಿಗೆ, ಕಾಗದ ಮತ್ತು ದಾರ ಪೋಲಾಗದಂತೆ ಪೊಟ್ಟಣ ಕಟ್ಟುವುದು ಹೇಗೆಂದು ತೋರಿಸಿಕೊಟ್ಟರು. ಆ ಯುವಕ, ಮುಂದೆ 1962ರಲ್ಲಿ ವಾಲ್‌ಮಾರ್ಟ್ ಸ್ಥಾಪಿಸಿದ ಸ್ಯಾಮ್ ವಾಲ್ಟನ್. ಸಹವರ್ತಿಗಳು ಎಂಬ ಮಾತು ವಾಲ್‌ಮಾರ್ಟಿಗೂ ಬಂತು.

ಕೊನೆಯ ಮತ

1951ರಲ್ಲಿ ಕಂಪೆನಿಯ ವಾರ್ಷಿಕ ವ್ಯಾಪಾರ ನೂರು ಕೋಟಿ ಡಾಲರ್ ದಾಟಿತು. ಆದರೆ ಕಾಲ ಬದಲಾಗಿತ್ತು. ಜನ ನಗರಗಳ ಹೊರವಲಯದ ಹೊಸ ಬಡಾವಣೆಗಳಿಗೆ ಹೋಗಿದ್ದರು, ಖಾತೆ ತೆರೆದು ಕಂತಿನಲ್ಲಿ ಕೊಳ್ಳತೊಡಗಿದ್ದರು. ಕಂಪೆನಿ ಈ ದಾರಿ ಹಿಡಿಯಬೇಕೆಂದು ವಿಲಿಯಂ ಬ್ಯಾಟನ್ 1957ರಲ್ಲಿ ಆಡಳಿತ ಮಂಡಳಿಯ ಮುಂದೆ ವಾದಿಸಿದರು. ಪೆನ್ನಿ ವಿರೋಧಿಸಿದರು, ಸೋತರು. 1958ರಲ್ಲಿ ಕಡದ ವ್ಯಾಪಾರ ಆರಂಭವಾಗಿ 1962ರೊಳಗೆ ಎಲ್ಲ ಮಳಿಗೆಗಳಿಗೂ ಹಬ್ಬಿತು. ತಮ್ಮ ಹೆಸರಿನ ಕಂಪೆನಿಯಲ್ಲಿ ತಮ್ಮ ಮಾತೇ ನಡೆಯದಿದ್ದರೂ ಅವರು ಮುನಿಸಿಕೊಂಡು ಹೊರನಡೆಯಲಿಲ್ಲ. ಪಾಲು ಹಂಚಿದವನು ಅಧಿಕಾರವನ್ನೂ ಹಂಚಬೇಕೆಂಬುದನ್ನು ಬಾಳಿ ತೋರಿಸಿದರು. 90 ದಾಟಿದ ಬಳಿಕವೂ ಕಚೇರಿಗೆ ಹೋಗುತ್ತಿದ್ದ ಅವರು 1971ರ ಫೆಬ್ರವರಿ 12ರಂದು 95ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು.

ಅವರ ಬಳಿಕ, 1973ರಲ್ಲಿ ಮಳಿಗೆಗಳ ಸಂಖ್ಯೆ 2,053ಕ್ಕೇರಿತು. ಮುಂದೆ ವಾಲ್‌ಮಾರ್ಟ್‌ನಂತಹ ಅಗ್ಗದ ಮಳಿಗೆಗಳ ಮತ್ತು ಅಂತರ್ಜಾಲ ವ್ಯಾಪಾರದ ಪೈಪೋಟಿ ಹೆಚ್ಚಿತು. 2012ರಲ್ಲಿ ಹೊಸ ಆಡಳಿತ ರಿಯಾಯಿತಿ ಕೂಪನುಗಳನ್ನು ಕೈಬಿಟ್ಟು ನೇರ ಬೆಲೆಯ ಕ್ರಮಕ್ಕೆ ಮರಳಲು ಯತ್ನಿಸಿದಾಗ, ಒಂದೇ ವರ್ಷದಲ್ಲಿ ವ್ಯಾಪಾರ ಕಾಲು ಭಾಗ ಕುಸಿಯಿತು. ಕೆಮರರ್‌ನಲ್ಲಿ ಗಿರಾಕಿಗಳನ್ನು ಗೆದ್ದ ಸೂತ್ರ, ರಿಯಾಯಿತಿಗೆ ಒಗ್ಗಿಹೋದ ಗಿರಾಕಿಗಳ ಮುಂದೆ ಸೋತಿತು. 2020ರ ಮೇ ತಿಂಗಳಲ್ಲಿ ಕಂಪೆನಿ ದಿವಾಳಿ ಅರ್ಜಿ ಸಲ್ಲಿಸಿತು. ಅದೇ ವರ್ಷ ಹೊಸ ಮಾಲಕರ ಕೈಸೇರಿ, ಕಡಿಮೆ ಮಳಿಗೆಗಳೊಂದಿಗೆ ಉಳಿದುಕೊಂಡಿತು.

ಕೆಮರರ್‌ನಲ್ಲಿ ಅವರು ವಾಸವಿದ್ದ ಪುಟ್ಟ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಹ್ಯಾಮಿಲ್ಟನ್‌ನಲ್ಲಿ ಅವರ ಹೆಸರಿನ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯವಿದೆ. ಬೆಲೆಯ ಕ್ರಮ ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಕಡ ಕೊಡುವುದೋ ಬಿಡುವುದೋ ಎಂಬುದೂ ಬದಲಾಗಬಹುದು. ಬರಿಗೈಯಲ್ಲಿ ಬಂದು ಕೆಲಸಕ್ಕೆ ನಿಂತ ಹುಡುಗನಿಗೆ ಕಸುಬು ಕಲಿಸಿ, ನಾಳೆ ಅವನೂ ಗಲ್ಲೆಯಲ್ಲಿ ಕೂರುವಂತೆ ಮಾಡಿದ ಧಣಿಯನ್ನು ಮಾತ್ರ ಜನ ಬೇಗ ಮರೆಯುವುದಿಲ್ಲ.